ಬೂಟ್‌ಕ್ಯಾಂಪೋ, ಆನ್‌ಲೈನ್ ಕೋರ್ಸೋ: ಫೀಸು ಕಟ್ಟುವ ಮೊದಲು ಮಾಡಬೇಕಾದ ಕೆಲಸ

ಪ್ರೋಗ್ರಾಮಿಂಗ್ ಪಾಠ ಈಗ ಪುಕ್ಕಟೆ ಸಿಗುತ್ತದೆ. ಪೈಥಾನ್, ಜಾವಾಸ್ಕ್ರಿಪ್ಟ್, ಜಾವಾ, ಎಸ್‌ಕ್ಯುಎಲ್ ಎಂಬ ಕಂಪ್ಯೂಟರ್ ಭಾಷೆಗಳೆಲ್ಲ ಹಾರ್ವರ್ಡ್‌ನ ಸಿಎಸ್50, ಫ್ರೀಕೋಡ್‌ಕ್ಯಾಂಪ್, ಓಡಿನ್ ಪ್ರಾಜೆಕ್ಟ್, ನಮ್ಮ ಐಐಟಿಗಳ ಎನ್‌ಪಿಟಿಇಎಲ್‌ಗಳಲ್ಲಿ ದುಡ್ಡಿಲ್ಲದೆ ಕಲಿಯಲು ಇವೆ. ಹಾಗಾದರೆ ಕೆಲವೇ ತಿಂಗಳಲ್ಲಿ ಕೋಡ್ ಬರೆಯುವ ಕೆಲಸಕ್ಕೆ ತಯಾರು ಮಾಡುವ ತರಗತಿಗೆ, ಅಂದರೆ ಬೂಟ್‌ಕ್ಯಾಂಪಿಗೆ, ಲಕ್ಷಗಟ್ಟಲೆ ಕೊಡುವುದು ಯಾತಕ್ಕೆ? ಎರಡು ಸಂಗತಿಗೆ. ನಿಮ್ಮನ್ನು ದಿನಾ ಹಿಡಿದು ಕೂರಿಸುವ ವೇಳಾಪಟ್ಟಿಗೆ, ಮತ್ತು ನೀವು ಬರೆದ ಕೋಡನ್ನು ಸಾಲುಸಾಲಾಗಿ ಓದಿ ತಪ್ಪು ತೋರಿಸುವ ಒಬ್ಬ ಮನುಷ್ಯನಿಗೆ. ಈ ಎರಡರಲ್ಲಿ ನಿಮ್ಮಲ್ಲಿ ಯಾವುದು ಇಲ್ಲ ಎಂದು ಖಚಿತವಾಗುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರಿಗೆ ತಾಳ ಗೊತ್ತಾಗುತ್ತದೆ, ಪದ್ಯ ಬಾಯಿಪಾಠ ಬರುತ್ತದೆ. ಹೆಜ್ಜೆ ಬರಬೇಕಾದರೆ ಗುರುಗಳ ಎದುರು ಕುಣಿಯಬೇಕು, ತಪ್ಪಿದಲ್ಲಿ ಅವರು ನಿಲ್ಲಿಸಿ ತಿದ್ದಬೇಕು. ಪ್ರೋಗ್ರಾಮಿಂಗ್ ವಿಡಿಯೋಗಳ ಕತೆಯೂ ಇಷ್ಟೇ. ನೂರು ಗಂಟೆ ನೋಡಿದವರೂ ಖಾಲಿ ಫೈಲಿನ ಎದುರು ಕೂತಾಗ ಕೈ ಕಟ್ಟಿ ಹೋಗುವುದು ಇದೇ ಕಾರಣಕ್ಕೆ.

ಮೊದಲು ಗಂಟೆಯ ಲೆಕ್ಕ

ಏನೂ ಗೊತ್ತಿಲ್ಲದವರು ಒಂದು ಜೂನಿಯರ್ ಡೆವಲಪರ್ ಸಂದರ್ಶನಕ್ಕೆ ಧೈರ್ಯದಿಂದ ಕೂರಬೇಕಾದರೆ 500ರಿಂದ 800 ಗಂಟೆ ಕೈಯಾರೆ ಕೆಲಸ ಮಾಡಬೇಕು ಎಂದಿಟ್ಟುಕೊಳ್ಳಿ. ಪೂರ್ಣಾವಧಿ ಬೂಟ್‌ಕ್ಯಾಂಪು ವಾರಕ್ಕೆ 40ರಿಂದ 50 ಗಂಟೆಯಂತೆ 12ರಿಂದ 16 ವಾರಗಳಲ್ಲಿ ಇದನ್ನು ದಾಟಿಸುತ್ತದೆ. ಕೆಲಸಕ್ಕೆ ಹೋಗುತ್ತ ಆರು ರಾತ್ರಿ ಒಂದೂವರೆ ಗಂಟೆ, ಭಾನುವಾರ ನಾಲ್ಕು ಗಂಟೆ ಕೂತರೆ ವಾರಕ್ಕೆ 13 ಗಂಟೆಯಾಯಿತು. 600 ಗಂಟೆಗೆ 46 ವಾರ ಬೇಕು. ನಡುವೆ ಮದುವೆ, ನೇಮ, ಜಾತ್ರೆ, ಜ್ವರ ಬಂದೇ ಬರುತ್ತವೆ. ಹದಿನಾಲ್ಕು ತಿಂಗಳು ಎಂದು ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ‘ಮೂರು ತಿಂಗಳಲ್ಲಿ ಮುಗಿಸುತ್ತೇನೆ’ ಎಂದು ಹೇಳಿ ಆರನೇ ತಿಂಗಳಲ್ಲಿ ಕೈಬಿಡುವವರು ಬುದ್ಧಿ ಸಾಲದೆ ಬಿಡುವುದಲ್ಲ. ಲೆಕ್ಕ ತಪ್ಪಿರುತ್ತದೆ, ಅಷ್ಟೆ.

ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯಿರಿ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದು ಕಡೆಗೆ ಸುಮಾರು ಒಂದೂವರೆ ಗಂಟೆ. ವಾರಕ್ಕೆ ಐದು ದಿನ, 16 ವಾರ ಹೋಗಿಬಂದರೆ 240 ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಅದು ಇಡೀ ಕೋರ್ಸಿನ ಮೂರರಲ್ಲೊಂದು ಭಾಗ. ಕಾಪು, ಪಡುಬಿದ್ರಿ, ಮೂಲ್ಕಿ ಕಡೆಯವರಿಗೆ ಸ್ವಲ್ಪ ಕಡಿಮೆ. ಕುಂದಾಪುರದವರು ದಿನಾ ಹೋಗಿಬರುವ ಯೋಚನೆ ಬಿಡುವುದು ಮೇಲು. ಅವರಿಗೆ ಆನ್‌ಲೈನ್‌ನಲ್ಲೇ ನೇರ ತರಗತಿ ನಡೆಸುವ ಬೂಟ್‌ಕ್ಯಾಂಪು ಅಥವಾ ಪಿಜಿ, ಎರಡರಲ್ಲೊಂದು.

ಎರಡು ವಾರದ ಪರೀಕ್ಷೆ

ಇದು ಈ ಇಡೀ ಬರಹದ ಮುಖ್ಯ ಭಾಗ. ದುಡ್ಡು ಖರ್ಚಾಗುವುದಿಲ್ಲ, ಉತ್ತರ ಮಾತ್ರ ಸ್ಪಷ್ಟ ಸಿಗುತ್ತದೆ.

8 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಸಾಕು, ಸೆಕೆಂಡ್‌ಹ್ಯಾಂಡ್ ಆದರೂ ತೊಂದರೆಯಿಲ್ಲ. ಮೊಬೈಲಿನಲ್ಲಿ ಪಾಠ ನೋಡಬಹುದು, ಕೋಡ್ ಬರೆದು ಕಲಿಯಲಾಗದು. ಪೈಥಾನ್ ಮತ್ತು ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ಪೈಥಾನ್ ಇನ್‌ಸ್ಟಾಲ್ ಮಾಡುವಾಗ ಮೊದಲ ಪರದೆಯ ಕೆಳಗಡೆ ‘ಪಾತ್‌’ಗೆ ಸೇರಿಸುವ ಟಿಕ್ ಗುರುತು ಇದ್ದರೆ ಮರೆಯದೆ ಹಾಕಿ. ಅದನ್ನು ಬಿಟ್ಟರೆ ಟರ್ಮಿನಲ್‌ಗೆ (ಆದೇಶ ಟೈಪ್ ಮಾಡುವ ಕಿಟಕಿಗೆ) ಪೈಥಾನ್ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ, ಬಹಳಷ್ಟು ಜನರ ಮೊದಲ ಸಂಜೆ ಅಲ್ಲೇ ಹಾಳಾಗುತ್ತದೆ.

14 ದಿನದಲ್ಲಿ 10 ಸಲ ಕೂರಬೇಕು, ಪ್ರತಿ ಸಲ 90 ನಿಮಿಷ. ಮೊದಲ 30 ನಿಮಿಷ ಯಾವುದಾದರೂ ಪುಕ್ಕಟೆ ಕೋರ್ಸಿನ ಪಾಠ. ಉಳಿದ 60 ನಿಮಿಷ ವಿಡಿಯೋ ಮುಚ್ಚಿ, ಖಾಲಿ ಫೈಲಿನಲ್ಲಿ ಅದೇ ವಿಷಯವನ್ನು ನಿಮ್ಮದೇ ಸಣ್ಣ ಕೆಲಸಕ್ಕೆ ಬಳಸುವುದು. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಕೂತ ಸಮಯ, ಎದ್ದ ಸಮಯ, ಎಲ್ಲಿ ಸಿಕ್ಕಿಬಿದ್ದಿರಿ, ಹೇಗೆ ಬಿಡಿಸಿಕೊಂಡಿರಿ, ಎಷ್ಟು ನಿಮಿಷ ಹಿಡಿಯಿತು, ಇಷ್ಟನ್ನು ಬರೆದಿಡಿ.

ನಾಲ್ಕನೆಯ ಅಥವಾ ಐದನೆಯ ದಿನ ಈ ಲೆಕ್ಕ ಮಾಡಿ. ಸೊಸೈಟಿಗೆ ಹಾಲು ಹಾಕುವ ಮನೆಗೆ ಒಂದು ಪ್ರೋಗ್ರಾಮ್ ಬೇಕು. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು ಲೀಟರ್ ಎಂದು ಕೇಳಿ, ಒಟ್ಟು ಎಷ್ಟಾಯಿತು ಎಂದು ಹೇಳಬೇಕು. ಮೂರು ನಾಲ್ಕು ಸಾಲಿನ ಕೆಲಸ. ಇನ್‌ಪುಟ್ ಫಂಕ್ಷನ್‌ನಿಂದ ಎರಡು ಸಂಖ್ಯೆ ತೆಗೆದುಕೊಂಡು, ಕೂಡಿಸಿ, ಪ್ರಿಂಟ್ ಮಾಡುತ್ತೀರಿ. ಬೆಳಿಗ್ಗೆಗೆ 6, ಸಂಜೆಗೆ 4 ಎಂದು ಒತ್ತುತ್ತೀರಿ. ಪರದೆಯ ಮೇಲೆ 10 ಬರಬೇಕಾದಲ್ಲಿ 64 ಬಂದು ನಿಲ್ಲುತ್ತದೆ. ಎಲ್ಲಿ ತಪ್ಪಿದೆ ಎಂದು ಹೇಳುವ ಸಂದೇಶವೂ ಇರುವುದಿಲ್ಲ.

ಕಾರಣ ಸರಳ. ಕೀಬೋರ್ಡಿನಿಂದ ಬಂದದ್ದನ್ನೆಲ್ಲ ಇನ್‌ಪುಟ್ ಅಕ್ಷರವೆಂದೇ ಹಿಡಿಯುತ್ತದೆ. 6 ಎಂಬ ಅಕ್ಷರಕ್ಕೆ 4 ಎಂಬ ಅಕ್ಷರ ಕೂಡಿಸಿದರೆ ಎರಡೂ ಪಕ್ಕಪಕ್ಕ ಅಂಟಿಕೊಳ್ಳುತ್ತವೆ. ಎರಡನ್ನೂ ಪೂರ್ಣಸಂಖ್ಯೆಯಾಗಿ ಬದಲಿಸುವ ‘ಇಂಟ್’ನಿಂದ ಸುತ್ತಿದರೆ 10 ಬರುತ್ತದೆ. ಆದರೆ ಮರುದಿನ ದನ ಆರೂವರೆ ಲೀಟರ್ ಕೊಟ್ಟಿರುತ್ತದೆ. 6.5 ಎಂದು ಒತ್ತಿದ ತಕ್ಷಣ ಪ್ರೋಗ್ರಾಮ್ ನಿಂತು ಮೂರ್ನಾಲ್ಕು ಸಾಲಿನ ದೋಷ ಸಂದೇಶ ಬರುತ್ತದೆ. ಪೈಥಾನ್‌ನ ದೋಷ ಸಂದೇಶವನ್ನು ಯಾವಾಗಲೂ ಕೆಳಗಿನ ಸಾಲಿನಿಂದ ಓದಬೇಕು. ಅಲ್ಲಿ ‘ವ್ಯಾಲ್ಯೂಎರರ್’ ಎಂದಿರುತ್ತದೆ, ಕಾರಣವೂ ಅದರ ಪಕ್ಕದಲ್ಲೇ ಇರುತ್ತದೆ. ಅದರ ಮೇಲಿನ ಸಾಲುಗಳಲ್ಲಿ ತಪ್ಪಾದ ಜಾಗದ ಸಾಲುಸಂಖ್ಯೆ ಸಿಗುತ್ತದೆ. ಬಿಂದುವಿರುವ ಅಕ್ಷರವನ್ನು ‘ಇಂಟ್’ ಒಪ್ಪುವುದಿಲ್ಲ, ದಶಮಾಂಶ ಸಂಖ್ಯೆಗೆ ‘ಫ್ಲೋಟ್’ ಬೇಕು.

ಈಗ ಇಲ್ಲಿ ಓದಿದ್ದರಿಂದ ನಿಮಗೆ ಈ ಉತ್ತರ ಗೊತ್ತಾಯಿತು. ಇಂಥದ್ದೇ ಇನ್ನೊಂದು ಹತ್ತು ಬರುತ್ತವೆ, ಅವುಗಳ ಉತ್ತರ ಇಲ್ಲಿಲ್ಲ. ಆಗ ನೀವು ಏನು ಮಾಡುತ್ತೀರಿ ಎಂಬುದನ್ನೇ ನೋಟ್‌ಬುಕ್ ಹೇಳಬೇಕು. ಒಂದೊಂದೇ ಸಾಲನ್ನು ಪ್ರಿಂಟ್ ಮಾಡಿ ನೋಡಿದಿರೋ, ಸಂದೇಶವನ್ನು ಹುಡುಕಿದಿರೋ, ಅಥವಾ ಲ್ಯಾಪ್‌ಟಾಪ್ ಮುಚ್ಚಿ ಮರುದಿನ ಬೇರೆ ವಿಡಿಯೋ ಹಾಕಿದಿರೋ? ಎಐ ಸಹಾಯಕರನ್ನು ಕೇಳಬಹುದು, ಆದರೆ 30 ನಿಮಿಷ ಸ್ವತಃ ಒದ್ದಾಡಿದ ಮೇಲೆ. ಅದೂ ‘ಸರಿ ಮಾಡಿ ಕೊಡು’ ಎಂದಲ್ಲ, ‘ಯಾಕೆ ಹೀಗಾಯಿತು’ ಎಂದು ಕೇಳಿ. ಆಮೇಲೆ ಅದನ್ನು ಮುಚ್ಚಿ, ನೋಡದೆ ಮತ್ತೊಮ್ಮೆ ಬರೆಯಿರಿ. ಬರೆಯಲು ಬಾರದಿದ್ದರೆ ಅರ್ಥವಾಗಿಲ್ಲ.

ಹದಿನಾಲ್ಕನೆಯ ದಿನ ಎಣಿಸಿ. ಎಂಟಕ್ಕಿಂತ ಹೆಚ್ಚು ಸಲ ಕೂತಿದ್ದೀರಿ, ಸಿಕ್ಕಿಬಿದ್ದ ಕಡೆ ಅರ್ಧಕ್ಕಿಂತ ಹೆಚ್ಚು ಸಲ ನೀವೇ ಬಿಡಿಸಿಕೊಂಡಿದ್ದೀರಿ ಎಂದಾದರೆ ಬೂಟ್‌ಕ್ಯಾಂಪು ನಿಮಗೆ ಬೇಡ. ಕೂತದ್ದು ಹತ್ತು ಸಲ, ಬಿಡಿಸಿಕೊಂಡದ್ದು ಒಂದೆರಡೇ ಎಂದಾದರೆ ನಿಮಗೆ ಬೇಕಾದದ್ದು ಕೋಡ್ ಓದುವ ಕಣ್ಣು, ವೇಳಾಪಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ನಾಲ್ಕು ಸಲವೂ ಕೂರಲಿಲ್ಲವಾದರೆ ಯಾವ ರೆಕಾರ್ಡೆಡ್ ಕೋರ್ಸನ್ನೂ ಖರೀದಿಸಬೇಡಿ, ಅದು ಎಷ್ಟೇ ಅಗ್ಗವಿರಲಿ. ಹಾಜರಿ ಕೇಳುವ ತರಗತಿಯೇ ಆಗಬೇಕು.

ಇದು ಬರೀ ಊಹೆಯಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ಎಡೆಕ್ಸ್ ಎಂಬ ತಾಣದಲ್ಲಿ ನಡೆಸಿದ ಆನ್‌ಲೈನ್ ಕೋರ್ಸುಗಳ ಬಗ್ಗೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, 2017–18ರಲ್ಲಿ ಸೇರಿದವರಲ್ಲಿ ಪೂರ್ತಿ ಮಾಡಿದವರು ಶೇ 3ರಷ್ಟು ಮಾತ್ರ. ಸರ್ಟಿಫಿಕೇಟಿಗೆ ದುಡ್ಡು ಕಟ್ಟಿದವರಲ್ಲಿ ಅದು ಶೇ 46. ದುಡ್ಡು ಕಟ್ಟುವವರು ಮೊದಲೇ ಮನಸ್ಸು ಗಟ್ಟಿ ಮಾಡಿದವರು ಎಂಬುದು ನಿಜ, ಆದರೂ ಪುಕ್ಕಟೆ ಪಾಠ ಎಷ್ಟು ಸುಲಭವಾಗಿ ಕೈಜಾರುತ್ತದೆ ಎಂಬುದು ಇದರಲ್ಲಿ ಕಾಣುತ್ತದೆ.

ನಡುವಿನ ದಾರಿ

ಎರಡು ವಾರದಲ್ಲಿ ಕೂತ ಸಲಗಳ ಎಣಿಕೆ ಐದರಿಂದ ಏಳರ ನಡುವೆ ನಿಲ್ಲುವವರೂ ಇದ್ದಾರೆ. ಅವರಿಗೆ ಎನ್‌ಪಿಟಿಇಎಲ್ ಒಳ್ಳೆಯದು, ಯಾಕೆಂದರೆ ಅದಕ್ಕೆ ತಾರೀಕಿದೆ. ಕೋರ್ಸುಗಳು ಜನವರಿ ಮತ್ತು ಜುಲೈ ಸರದಿಯಲ್ಲಿ, 4, 8 ಅಥವಾ 12 ವಾರದ ಲೆಕ್ಕದಲ್ಲಿ ನಡೆಯುತ್ತವೆ. ಪ್ರತಿ ವಾರ ಅಸೈನ್‌ಮೆಂಟ್, ಗಡುವು ದಾಟಿದರೆ ಅದು ಹೋಯಿತು. 12 ವಾರದ ಕೋರ್ಸಿನಲ್ಲಿ ಅತ್ಯುತ್ತಮ ಎಂಟು ಅಸೈನ್‌ಮೆಂಟುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಹಾಗಾಗಿ ಒಂದೆರಡು ವಾರ ತಪ್ಪಿದರೂ ಮುಳುಗುವುದಿಲ್ಲ. ಕಲಿಯಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಬರೆಯಬೇಕು. ಸರ್ಟಿಫಿಕೇಟ್ ಸಿಗಲು ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬೇಕು.

ಇದಕ್ಕೆ ಜೊತೆಯಾಗಿ ವಾರಕ್ಕೊಂದು ಗಂಟೆ ನಿಮ್ಮ ಕೋಡ್ ಓದುವ ಒಬ್ಬರನ್ನು ಹುಡುಕಿ. ನಮ್ಮ ಜಿಲ್ಲೆಗಳಲ್ಲಿ ಇದು ಬೇರೆ ಊರುಗಳಷ್ಟು ಕಷ್ಟವಲ್ಲ. ಸುರತ್ಕಲ್, ಮಣಿಪಾಲ, ನಿಟ್ಟೆ, ಅಡ್ಯಾರ್, ವಾಮಂಜೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಮುಡಿಪುವಿನಲ್ಲಿ ಇನ್ಫೋಸಿಸ್ ಇದೆ, ಉಡುಪಿಯಲ್ಲಿ 1996ರಲ್ಲಿ ಶುರುವಾದ ರೋಬೋಸಾಫ್ಟ್ ಇದೆ. ಸಂಬಂಧಿಕರಲ್ಲಿ, ನೆರೆಮನೆಯಲ್ಲಿ, ಹಳೆಯ ಶಾಲೆಯ ಗೆಳೆಯರಲ್ಲಿ ಸಾಫ್ಟ್‌ವೇರ್ ಕೆಲಸದವರು ಒಬ್ಬರಾದರೂ ಸಿಗುತ್ತಾರೆ. ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟೇ ಕೇಳಿ. ಪುಕ್ಕಟೆ ಸಹಾಯ ಮೂರನೇ ವಾರಕ್ಕೆ ನಿಂತುಹೋಗುತ್ತದೆ. ಕೋಡನ್ನು ಗಿಟ್‌ಹಬ್‌ಗೆ (ಕೋಡ್ ಇಟ್ಟು ಇತರರಿಗೆ ತೋರಿಸುವ ಜಾಲತಾಣ) ಹಾಕಿ ಕೊಂಡಿ ಕಳಿಸಿ. ‘ಹೇಗಿದೆ ಅಣ್ಣಾ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಉತ್ತರ ಬರುತ್ತದೆ. ‘ಇದರಲ್ಲಿ ಯಾವ ಮೂರು ಜಾಗವನ್ನು ನೀವು ಬೇರೆ ರೀತಿ ಬರೆಯುತ್ತಿದ್ದಿರಿ?’ ಎಂದು ಕೇಳಿ. ಬೂಟ್‌ಕ್ಯಾಂಪಿನ ಅತ್ಯಂತ ಬೆಲೆಬಾಳುವ ಭಾಗ ನಿಮಗೆ ತಿಂಗಳಿಗೆ ನಾಲ್ಕು ಗಂಟೆಯ ಖರ್ಚಿನಲ್ಲಿ ಸಿಕ್ಕಿತು.

ಬೂಟ್‌ಕ್ಯಾಂಪನ್ನು ಜಾಲಾಡುವುದು ಹೇಗೆ

ಕರಪತ್ರ ಪಕ್ಕಕ್ಕಿಡಿ. ಡೆಮೋ ಕ್ಲಾಸಿಗೂ ಹೆಚ್ಚು ಬೆಲೆ ಕೊಡಬೇಡಿ, ಅದನ್ನು ಸಂಸ್ಥೆಯ ಅತ್ಯುತ್ತಮ ಮಾತುಗಾರರೇ ಮಾಡುತ್ತಾರೆ. ಈಗಾಗಲೇ ಅರ್ಧ ದಾರಿ ಬಂದ ಒಂದು ಬ್ಯಾಚಿನ ಮಾಮೂಲಿ ತರಗತಿಯಲ್ಲಿ ಒಂದು ದಿನ ಹಿಂದೆ ಕೂರಲು ಬಿಡುತ್ತೀರಾ ಎಂದು ಕೇಳಿ. ಬಿಡದಿದ್ದರೆ ಅದೇ ಒಂದು ಉತ್ತರ. ಬಿಟ್ಟರೆ, ಎಷ್ಟು ಜನ ಕೈಯೆತ್ತಿದರು, ಕೈಯೆತ್ತಿದವರ ಬಳಿ ಯಾರು ಹೋದರು, ಎಷ್ಟು ಹೊತ್ತಿಗೆ ಹೋದರು ಎಂದು ಗಮನಿಸಿ. 15 ಜನರಿಗೆ ಒಬ್ಬ ಮೆಂಟರ್ ಇದ್ದರೆ ಕೆಲಸ ನಡೆಯುತ್ತದೆ. 60 ಜನರಿಗೆ ಒಬ್ಬರಿದ್ದರೆ ನೀವು ದುಬಾರಿ ವಿಡಿಯೋ ನೋಡುತ್ತಿದ್ದೀರಿ, ಅಷ್ಟೆ.

ಮುಂದೆ, ಕಲಿತು ಹೊರಬಂದ ಮೂವರ ಗಿಟ್‌ಹಬ್ ಖಾತೆ ಕೇಳಿ ಪಡೆಯಿರಿ. ಕೋಡ್ ಓದಲು ಬಾರದವರೂ ಇಲ್ಲಿ ಎರಡು ಸಂಗತಿ ಕಂಡುಹಿಡಿಯಬಹುದು. ಮೂವರಲ್ಲೂ ಅದೇ ಶಾಪಿಂಗ್ ಸೈಟ್, ಅದೇ ಬಣ್ಣ, ಅದೇ ಹೆಸರಿನ ಫೈಲುಗಳಿದ್ದರೆ ಎಲ್ಲರೂ ಒಂದನ್ನೇ ನಕಲು ಮಾಡಿದ್ದಾರೆ. ಸಂದರ್ಶಕರಿಗೂ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇನ್ನು ‘ಕಮಿಟ್ಸ್’ ಎಂಬಲ್ಲಿ ಒತ್ತಿ ನೋಡಿ. ಕೋಡಿನ ಬದಲಾವಣೆಯನ್ನು ಪ್ರತಿ ಸಲ ಉಳಿಸಿದ ದಾಖಲೆಯೇ ಕಮಿಟ್. ಇಡೀ ಪ್ರಾಜೆಕ್ಟು ಒಂದೇ ದಿನ, ಒಂದೇ ಕಮಿಟ್ಟಿನಲ್ಲಿ ಬಂದು ಬಿದ್ದಿದ್ದರೆ ಅದನ್ನು ಹಂತಹಂತವಾಗಿ ಕಟ್ಟಿದ ಗುರುತೇ ಅಲ್ಲಿಲ್ಲ. ನಿಜವಾಗಿ ಕಟ್ಟಿದ್ದರಲ್ಲಿ ವಾರಗಟ್ಟಲೆ ಹರಡಿದ ಮೂವತ್ತು, ನಲವತ್ತು ಸಣ್ಣ ಕಮಿಟ್ಟುಗಳಿರುತ್ತವೆ, ತಪ್ಪು ತಿದ್ದಿದ್ದೂ ಕಾಣುತ್ತದೆ.

ಪ್ಲೇಸ್‌ಮೆಂಟ್ ಶೇಕಡಾವಾರು ಎಂದರೆ ಯಾವುದರಲ್ಲಿ ಶೇಕಡಾ? ಒಂದು ಉದಾಹರಣೆ ಹಾಕೋಣ. 40 ಜನ ಸೇರುತ್ತಾರೆ, 25 ಜನ ಮುಗಿಸುತ್ತಾರೆ, ಅವರಲ್ಲಿ 20 ಜನರನ್ನು ಸಂಸ್ಥೆ ‘ಅರ್ಹರು’ ಎಂದು ಪಟ್ಟಿ ಮಾಡುತ್ತದೆ, 18 ಜನರಿಗೆ ಕೆಲಸ ಸಿಗುತ್ತದೆ. ಬೋರ್ಡಿನಲ್ಲಿ ಶೇ 90 ಎಂದು ಬರೆಯಬಹುದು. ಸೇರಿದವರ ಲೆಕ್ಕದಲ್ಲಿ ಅದು ಶೇ 45. ಆ 18ರಲ್ಲಿ ಆರು ಜನ ಕಾಲ್‌ಸೆಂಟರ್ ಅಥವಾ ಡೇಟಾ ಎಂಟ್ರಿಗೆ ಹೋಗಿದ್ದರೆ ಡೆವಲಪರ್ ಆದವರು ಶೇ 30. ಆದ್ದರಿಂದ ಕೇಳಬೇಕಾದ ಪ್ರಶ್ನೆ ಹೀಗಿರಲಿ: ‘ಹಿಂದಿನ ಎರಡು ಬ್ಯಾಚಿಗೆ ಸೇರಿದವರು ಎಷ್ಟು, ಆರು ತಿಂಗಳೊಳಗೆ ಕೋಡ್ ಬರೆಯುವ ಕೆಲಸಕ್ಕೆ ಹೋದವರು ಎಷ್ಟು, ಅವರ ಸಾಲಿನ ಮಧ್ಯದಲ್ಲಿ ನಿಲ್ಲುವವರ ಸಂಬಳ ಎಷ್ಟು?’ ಅತಿ ಹೆಚ್ಚು ಪ್ಯಾಕೇಜು ಪಡೆದವರ ಫೋಟೋದಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಕರಾರಿನಲ್ಲಿ ‘ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಎಂದಿದ್ದರೆ ಅದು ಕೆಲಸದ ಭರವಸೆಯಲ್ಲ, ಬಯೋಡೇಟಾ ಕಳಿಸಿಕೊಡುವ ಭರವಸೆ. ಉದ್ಯೋಗ ಖಚಿತ ಎಂಬಂಥ ಸುಳ್ಳು ಜಾಹೀರಾತನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಸಂಸ್ಥೆಗಳಿಗೆ ಮಾರ್ಗಸೂಚಿ ಹೊರಡಿಸಿದೆ. ದೂರು ಕೊಡಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಫೋನಿನಲ್ಲಿ ಹೇಳಿದ ಯಾವ ಮಾತೂ ಆಗ ನಿಲ್ಲುವುದಿಲ್ಲ. ಅವರು ಬಾಯಲ್ಲಿ ಹೇಳಿದ್ದನ್ನೆಲ್ಲ ಅದೇ ದಿನ ‘ನೀವು ಹೀಗೆ ಹೇಳಿದಿರಿ, ಸರಿಯೇ?’ ಎಂದು ಇಮೇಲ್ ಮಾಡಿ, ಉತ್ತರ ಬರಿಸಿಕೊಳ್ಳಿ.

ದುಡ್ಡು

ಫೀಸು 1,20,000 ಎಂದರೆ ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 1,41,600 ಆಗುತ್ತದೆ. ಹೇಳಿದ ಮೊತ್ತ ತೆರಿಗೆ ಸೇರಿಯೋ ಬಿಟ್ಟೋ ಎಂದು ಮೊದಲೇ ಕೇಳಿ. ಬೆಂಗಳೂರಿಗೆ ಹೋಗಿ ಕಲಿಯುವುದಾದರೆ ಪಿಜಿ, ಊಟ, ಓಡಾಟಕ್ಕೆ ತಿಂಗಳಿಗೆ ಎಷ್ಟು ಎಂದು ನಾಲ್ಕು ತಿಂಗಳದ್ದು ಸೇರಿಸಿ, ಕೋರ್ಸು ಮುಗಿದ ಮೇಲೆ ಕೆಲಸ ಹುಡುಕುವ ಮೂರು ತಿಂಗಳದ್ದನ್ನೂ ಸೇರಿಸಿ. ಈಗಿರುವ ಕೆಲಸ ಬಿಡುವುದಾದರೆ ಏಳು ತಿಂಗಳ ಸಂಬಳವೂ ಖರ್ಚೇ. ಈ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರೆಲ್ಲ ನೋಡಲಿ.

‘ನೋ ಕಾಸ್ಟ್ ಇಎಂಐ’ (ಬಡ್ಡಿಯಿಲ್ಲದ ಕಂತು) ಎಂದಲ್ಲಿ ಎಚ್ಚರ. ಬಹಳ ಕಡೆ ಅದು ಸಂಸ್ಥೆಗೇ ಕಟ್ಟುವ ಕಂತು ಅಲ್ಲ, ಒಂದು ಹಣಕಾಸು ಕಂಪನಿಯಿಂದ ನಿಮ್ಮ ಅಥವಾ ಅಪ್ಪನ ಹೆಸರಿನಲ್ಲಿ ತೆಗೆದ ಸಾಲ. ಸಾಲದ ದುಡ್ಡು ಒಟ್ಟಿಗೇ ಸಂಸ್ಥೆಗೆ ಹೋಗಿರುತ್ತದೆ. ಎರಡನೇ ತಿಂಗಳಲ್ಲಿ ನೀವು ಕೋರ್ಸು ಬಿಟ್ಟರೂ, ಸಂಸ್ಥೆಯೇ ಮುಚ್ಚಿದರೂ ಕಂತು ನಿಲ್ಲುವುದಿಲ್ಲ. ತಪ್ಪಿದರೆ ಸಿಬಿಲ್ ಅಂಕ (ಸಾಲ ಸರಿಯಾಗಿ ತೀರಿಸುತ್ತೀರೇ ಎಂಬುದರ ಅಂಕ) ಕುಸಿದು ಮುಂದೆ ಮನೆಸಾಲಕ್ಕೆ ತೊಡಕಾಗುತ್ತದೆ. ಓಟಿಪಿ ಹೇಳುವ ಮೊದಲು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೇಳಿ. ಸಾಲ ಕೊಡುವವರ ಹೆಸರು, ವರ್ಷದ ಒಟ್ಟು ಬಡ್ಡಿದರ, ದಂಡವಿಲ್ಲದೆ ಸಾಲ ಹಿಂದಿರುಗಿಸಬಹುದಾದ ದಿನಗಳು ಅದರಲ್ಲಿ ಇರಬೇಕು. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮವೇ ಇದು.

‘ಕೆಲಸ ಸಿಕ್ಕಿದ ಮೇಲೆ ಕಟ್ಟಿ’ ಎನ್ನುವ ಕರಾರಿನಲ್ಲಿ ನಾಲ್ಕು ಸಂಖ್ಯೆ ಹುಡುಕಿ: ಎಷ್ಟು ಸಂಬಳದಿಂದ ಕಟ್ಟುವುದು ಶುರು, ಸಂಬಳದಲ್ಲಿ ಶೇಕಡಾ ಎಷ್ಟು, ಎಷ್ಟು ತಿಂಗಳು, ಒಟ್ಟು ಮಿತಿ ಎಷ್ಟು. ಕೊನೆಯದು ಇಲ್ಲದಿದ್ದರೆ ಸಹಿ ಬೇಡ. ನೀವೇ ಹುಡುಕಿಕೊಂಡ ಕೆಲಸಕ್ಕೂ, ಸಾಫ್ಟ್‌ವೇರ್ ಅಲ್ಲದ ಕೆಲಸಕ್ಕೂ ಕಟ್ಟಬೇಕೇ ಎಂದು ನೋಡಿ. ಮೂಲ ಅಂಕಪಟ್ಟಿ ಮತ್ತು ಖಾಲಿ ಚೆಕ್ಕನ್ನು ಯಾರ ಕೈಗೂ ಕೊಡಬೇಡಿ. ಯಾವ ಕಾರಣ ಹೇಳಿದರೂ ಕೊಡಬೇಡಿ.

ಯುಡೆಮಿಯಂಥ ಆನ್‌ಲೈನ್ ತಾಣಗಳಲ್ಲಿ ಕೋರ್ಸು ಕೊಳ್ಳುವವರು ಪೂರ್ತಿ ಬೆಲೆಗೆ ಕೊಳ್ಳಬೇಕಾಗಿಲ್ಲ, ಕೆಲವೇ ದಿನ ಕಾದರೆ ರಿಯಾಯಿತಿ ಬರುತ್ತದೆ. ಇಷ್ಟವಾಗದಿದ್ದರೆ ಯುಡೆಮಿಯಲ್ಲಿ 30 ದಿನದೊಳಗೆ ಹಣ ವಾಪಸು ಕೇಳಬಹುದು. ಒಂದು ಮುಗಿಯದೆ ಎರಡನೆಯದನ್ನು ಕೊಳ್ಳಬಾರದು ಎಂಬುದಷ್ಟೇ ಇಲ್ಲಿ ಪಾಲಿಸಬೇಕಾದ ನಿಯಮ.

ಯಾವ ಭಾಷೆ, ಯಾವ ಕೆಲಸ

ಕೋರ್ಸಿನ ಹೆಸರು ನೋಡಿ ಕೆಲಸ ಹುಡುಕಬೇಡಿ, ಕೆಲಸ ನೋಡಿ ಕೋರ್ಸು ಆರಿಸಿ. ಮಂಗಳೂರು, ಉಡುಪಿ, ಮಣಿಪಾಲ ಎಂದು ಹಾಕಿ ಹೊಸಬರಿಗಿರುವ 30 ಉದ್ಯೋಗ ಜಾಹೀರಾತು ತೆಗೆಯಿರಿ. ಜಾವಾ, ಡಾಟ್‌ನೆಟ್, ರಿಯಾಕ್ಟ್, ಪೈಥಾನ್, ಆ್ಯಂಡ್ರಾಯ್ಡ್, ಟೆಸ್ಟಿಂಗ್ ಎಂದು ಗೀಟು ಹಾಕುತ್ತ ಎಣಿಸಿ. ಹೆಚ್ಚು ಗೀಟು ಬಿದ್ದ ಎರಡನ್ನು ಕಲಿಸುವ ಕೋರ್ಸೇ ನಿಮ್ಮದು. ಪಕ್ಕದ ಸಾಲಿನಲ್ಲಿ ಪದವಿ ಮತ್ತು ಶೇಕಡಾವಾರಿನ ಷರತ್ತನ್ನೂ ಬರೆಯಿರಿ. ದೊಡ್ಡ ಕಂಪನಿಗಳು ಬಿಇ, ಬಿಸಿಎ, ಎಂಸಿಎ ಎಂದು ಕೇಳುವಲ್ಲಿ ಯಾವ ಬೂಟ್‌ಕ್ಯಾಂಪಿನ ಸರ್ಟಿಫಿಕೇಟೂ ಆ ಬಾಗಿಲು ತೆಗೆಯುವುದಿಲ್ಲ. ಬಿಕಾಂ, ಬಿಎ ಮುಗಿಸಿದವರಿಗೆ ಸಣ್ಣ ಕಂಪನಿಗಳ ದಾರಿಯೇ ಹತ್ತಿರ. ಅಲ್ಲಿ ಸರ್ಟಿಫಿಕೇಟಿಗಿಂತ ನೀವು ಮಾಡಿದ ಒಂದು ಓಡುವ ಪ್ರೋಗ್ರಾಮನ್ನು ತೋರಿಸಿ ಎನ್ನುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ವಿಡಿಯೋದ ವೇಗಕ್ಕೆ ಹೆದರಬೇಕಾಗಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಪ್ರೋಗ್ರಾಮಿಂಗ್ ಪಾಠಗಳಿಗೆ ಕನ್ನಡ ಧ್ವನಿ ಇದೆ. ಒಂದು ಕಡೆ ಅದನ್ನು ಓಡಿಸಿ, ನಿಲ್ಲಿಸಿ, ಇನ್ನೊಂದು ಕಡೆ ಅದನ್ನೇ ಮಾಡಿ ನೋಡುವುದು ಕ್ರಮ. ಬೂಟ್‌ಕ್ಯಾಂಪಿನಲ್ಲಾದರೆ, ಡೌಟನ್ನು ಕನ್ನಡದಲ್ಲೋ ತುಳುವಿನಲ್ಲೋ ಕೇಳಬಹುದೇ ಎಂದು ವಿಚಾರಿಸಿ. ನಾಚಿಕೆಯಿಂದ ಕೇಳದೆ ಉಳಿದ ಡೌಟುಗಳು ಮೂರನೇ ವಾರಕ್ಕೆ ಗುಡ್ಡೆಯಾಗಿ ಹಲವರನ್ನು ಹೊರಗೆ ಕಳಿಸಿವೆ.

ಮಳೆಗಾಲವನ್ನೂ ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಬೆ ಬಿದ್ದು ಕರೆಂಟು ಹೋಗುವುದು ಹಳ್ಳಿ ಕಡೆ ಮಾಮೂಲು. ನೇರ ತರಗತಿಯ ಕೋರ್ಸಾದರೆ ರೆಕಾರ್ಡಿಂಗ್ ಎಷ್ಟು ದಿನ ಇರುತ್ತದೆ ಎಂದು ಕೇಳಿಕೊಳ್ಳಿ. 720ಪಿ ಸ್ಪಷ್ಟತೆಯ ವಿಡಿಯೋ ಗಂಟೆಗೆ ಹೆಚ್ಚುಕಡಿಮೆ 1 ಜಿಬಿ ತಿನ್ನುತ್ತದೆ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನವರು 480ಪಿಗೆ ಇಳಿಸಿ ನೋಡಿ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಯ ಗುಡುಗಿಗೆ ರೂಟರ್ ಮತ್ತು ಚಾರ್ಜರ್ ಎರಡನ್ನೂ ಪ್ಲಗ್ಗಿನಿಂದ ಕಿತ್ತಿಡಿ.

ಸೇರಿದ ಮೊದಲ ವಾರ

ಬೂಟ್‌ಕ್ಯಾಂಪಿಗೆ ಸೇರಿದ್ದೇ ಆದರೆ, ಹಣ ವಾಪಸಾಗುವ ಕೊನೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಎರಡು ದಿನ ಮೊದಲು ಅಲಾರಂ ಇಡಿ. ಅಷ್ಟರೊಳಗೆ ಕನಿಷ್ಠ ಎರಡು ಕೆಲಸ ಒಪ್ಪಿಸಿ. ಅವುಗಳ ಮೇಲೆ ಒಬ್ಬ ಮನುಷ್ಯ ‘ಈ ಸಾಲಿನಲ್ಲಿ ಹೀಗೆ ಮಾಡಿದ್ದೀರಿ, ಹೀಗೆ ಮಾಡಿದ್ದರೆ ಒಳ್ಳೆಯದಿತ್ತು’ ಎಂದು ಬರೆದಿದ್ದಾರೆಯೇ ನೋಡಿ. ಬರೀ ಟಿಕ್ ಗುರುತು, ‘ವೆಲ್ ಡನ್’ ಅಥವಾ ಯಂತ್ರ ಕೊಟ್ಟ ಅಂಕ ಮಾತ್ರ ಇದ್ದರೆ, ನೀವು ದುಡ್ಡು ಕೊಟ್ಟದ್ದು ಯಾವುದಕ್ಕೋ ಅದು ಅಲ್ಲಿಲ್ಲ. ಆ ದಿನವೇ ಇಮೇಲ್‌ನಲ್ಲಿ, ರಸೀದಿ ಸಂಖ್ಯೆ ಹಾಕಿ, ಹಣ ವಾಪಸು ಕೇಳಿ. ಸಾಲ ತೆಗೆದಿದ್ದರೆ ಅದೇ ಇಮೇಲನ್ನು ಸಾಲ ಕೊಟ್ಟ ಕಂಪನಿಗೂ ಕಳಿಸಿ, ಎರಡರ ಪ್ರತಿಯನ್ನೂ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.